ಎಂಟು ಕಪಾಟು, ಮೂರು ರಾಶಿ

ನಮ್ಮ ಕನ್ನಡ ಸಂಘದ ಪುಸ್ತಕದ ಕೋಣೆಯ ಬೀಗದ ಕೈ ಇಪ್ಪತ್ತು ವರ್ಷದಿಂದ ನನ್ನ ಹತ್ತಿರ ಇದೆ. ದೀಪಾವಳಿಗೆ ಮೊದಲು ಅದನ್ನು ಬಿಲ್ಡರ್ ಆಫೀಸಿಗೆ ಕೊಡಬೇಕು. ಮುಂಬೈಯ ಸಾಂತಾಕ್ರೂಜ್ ಪೂರ್ವದಲ್ಲಿ, ಕಲೀನಾಕ್ಕೆ ಹೋಗುವ ದಾರಿಯಲ್ಲಿ ಇರುವ ಹಳೇ ಕಟ್ಟಡ ನಮ್ಮದು. ನೆಲಮಹಡಿಯಲ್ಲಿ ಎರಡು ಕೋಣೆ. ಒಂದರಲ್ಲಿ ಭಜನೆ, ಸಭೆ, ಯಕ್ಷಗಾನದ ಅಭ್ಯಾಸ. ಇನ್ನೊಂದರಲ್ಲಿ ಪುಸ್ತಕ. ಈಗ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ.

ಹೊಸ ಕಟ್ಟಡ ಏಳಲು ಮೂರು-ನಾಲ್ಕು ವರ್ಷ ಬೇಕು ಅನ್ನುತ್ತಾರೆ. ಅಲ್ಲಿಯವರೆಗೆ ಸಂಘಕ್ಕೆ ಸಿಕ್ಕಿರುವ ಬಾಡಿಗೆ ಜಾಗ 120 ಚದರಡಿ. ನಮ್ಮಲ್ಲಿರುವುದು ಎಂಟು ಕಬ್ಬಿಣದ ಕಪಾಟು, 3,140 ಪುಸ್ತಕ. ಕುರ್ಚಿ, ಚಂಡೆ, ಮದ್ದಳೆ, ದೇವರ ಫೋಟೋ ಇಟ್ಟ ಮೇಲೆ ಉಳಿಯುವ ಗೋಡೆಗೆ ಎರಡೇ ಕಪಾಟು ನಿಲ್ಲುತ್ತವೆ. ನಾನೇ ಟೇಪು ಹಿಡಿದು ಅಳೆದು ಬಂದೆ.

ಜೂನ್ ತಿಂಗಳ ಕಮಿಟಿ ಮೀಟಿಂಗಿನಲ್ಲಿ ಇದರ ಮಾತು ಬಂತು. ಒಬ್ಬ ಹುಡುಗ ಎದ್ದು ನಿಂತ. ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದೆ. ಅವನು ನನ್ನ ಕೈಯಲ್ಲೇ ಅಕ್ಷರ ಕಲಿತವನು. ಈಗ ನವಿ ಮುಂಬೈಯ ಐರೋಲಿಯಲ್ಲಿ ಸಾಫ್ಟ್‌ವೇರ್ ಕೆಲಸ. "ಟೀಚರ್, ಬೇಜಾರು ಮಾಡ್ಕೋಬೇಡಿ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಒಂದು ಹಾರ್ಡ್ ಡಿಸ್ಕಿಗೆ ಹಾಕೋಣ. ಪುಸ್ತಕ ಇನ್ನು ಎಷ್ಟು ವರ್ಷ ಇರುತ್ತೆ? ನಮ್ಮ ಮಕ್ಕಳಂತೂ ಕಾಗದದಲ್ಲಿ ಓದೋದಿಲ್ಲ" ಅಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ರಜೆ ಹಾಕಿ ತಾನೇ ಬಂದು ಸ್ಕ್ಯಾನ್ ಮಾಡುತ್ತೇನೆ ಅಂತಲೂ ಹೇಳಿದ.

ಆ ದಿನ ನನಗೆ ಉತ್ತರ ಹೊಳೆಯಲಿಲ್ಲ. ಪುಸ್ತಕದ ಮೇಲಿನ ಪ್ರೀತಿ ಬಿಟ್ಟರೆ ನನ್ನ ಹತ್ತಿರ ಬೇರೆ ಕಾರಣ ಇರಲಿಲ್ಲ. ಪ್ರೀತಿಗೆ ಯಾರೂ ಬಾಡಿಗೆ ಕೊಡುವುದಿಲ್ಲ, ಅಲ್ವಾ? ಅದಕ್ಕೇ ಒಂದೊಂದೇ ಪುಸ್ತಕ ಕೈಗೆತ್ತಿಕೊಂಡು ನೋಡೋಣ ಅಂತ ಕೂತೆ. ಹನ್ನೊಂದು ಭಾನುವಾರ ಹಿಡಿಯಿತು.

ಮೊದಲು ಆ ಹುಡುಗನ ಮಾತಿನಲ್ಲಿ ಎಷ್ಟು ಸರಿ ಇದೆ ಅನ್ನುವುದನ್ನು ಹೇಳುತ್ತೇನೆ. ಕಾಗದ ಶಾಶ್ವತ ಅಂತ ನಾನು ಯಾವತ್ತೂ ಹೇಳಲಾರೆ. 2005ರ ಜುಲೈ 26 ನನಗೆ ನೆನಪಿದೆ. ಆ ದಿನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಮೀಠಿ ನದಿ ಉಕ್ಕಿ ಕಲೀನಾ, ಕುರ್ಲಾ ಎಲ್ಲ ಮುಳುಗಿದವು. ನಮ್ಮ ಕೋಣೆಯಲ್ಲಿ ಸೊಂಟದ ಮಟ್ಟ ನೀರು. ಮೂರನೆಯ ದಿನ ಬಾಗಿಲು ತೆಗೆದಾಗ ಕೆಳಗಿನ ಎರಡು ಅಂತಸ್ತಿನ ಪುಸ್ತಕಗಳು ನೀರು ಕುಡಿದು ಊದಿಕೊಂಡಿದ್ದವು. ಎಳೆದರೂ ಕಪಾಟಿನಿಂದ ಹೊರಗೆ ಬರುತ್ತಿರಲಿಲ್ಲ. ಕೊನೆಗೆ ಕಬ್ಬಿಣದ ಪಟ್ಟಿ ಬಿಚ್ಚಿ ತೆಗೆದೆವು.

ಅವತ್ತು ಒಂದು ವಿಷಯ ಕಲಿತೆ. ಸಾದಾ ಕಾಗದದ ಪುಸ್ತಕ ಒದ್ದೆಯಾದರೆ ಬದುಕಿಸಬಹುದು. ಬಿಸಿಲಿಗೆ ಹಾಕಬಾರದು. ಹಾಳೆಗಳ ನಡುವೆ ಹಳೇ ಪೇಪರ್ ಇಟ್ಟು, ಫ್ಯಾನಿನ ಕೆಳಗೆ ನಿಲ್ಲಿಸಿ, ದಿನಕ್ಕೆ ನಾಲ್ಕು ಸಲ ಪೇಪರ್ ಬದಲಾಯಿಸಬೇಕು. ಆದರೆ ನುಣುಪಾದ ಆರ್ಟ್ ಪೇಪರಿನ ಪುಸ್ತಕ ಒಣಗಿದರೆ ಹಾಳೆಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗುತ್ತವೆ. ಬಿಡಿಸಲು ಬರುವುದೇ ಇಲ್ಲ. ಫೋಟೋಗಳಿದ್ದ ನಮ್ಮ ಹಳೆಯ ಸ್ಮರಣ ಸಂಚಿಕೆಗಳೆಲ್ಲ ಹಾಗೆಯೇ ಹೋದವು. ಒಟ್ಟು 600ಕ್ಕೂ ಜಾಸ್ತಿ ಪುಸ್ತಕ ಕಳೆದುಕೊಂಡೆವು. ಆಮೇಲೆ ಆ ಕೋಣೆ ನೋಡಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಬೀಗದ ಕೈ ನಾನು ತಗೊಂಡೆ.

ಆ 600ರಲ್ಲಿ ಕೆಲವನ್ನು ಮತ್ತೆ ಹುಡುಕಿ ತಂದೆವು. ಕೆಲವು ಎಲ್ಲಿಯೂ ಸಿಗಲಿಲ್ಲ. ಅದರಲ್ಲಿ ಒಂದು ತೆಳು ಪುಸ್ತಕ ಇತ್ತು. ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು ತಮ್ಮ ಸಂಬಳದಲ್ಲಿ ಅಚ್ಚು ಹಾಕಿಸಿದ ಪದ್ಯಗಳು. ಅದನ್ನು ಯಾರಾದರೂ ಒಂದು ಸಲ ಸ್ಕ್ಯಾನ್ ಮಾಡಿದ್ದರೆ ಇವತ್ತಿಗೂ ಇರುತ್ತಿತ್ತು. ಆ ಪದ್ಯಗಳಲ್ಲಿ ಒಂದು ಸಾಲೂ ನನಗೆ ನೆನಪಿಲ್ಲ. ಅದರ ನೋವು ಇನ್ನೂ ಹೋಗಿಲ್ಲ.

ಹಾಗಾಗಿ ಸ್ಕ್ಯಾನ್ ಬೇಡ ಅನ್ನುವವಳು ನಾನಲ್ಲ. ಆದರೆ ಸ್ಕ್ಯಾನ್ ಮಾಡಿದ ಮೇಲೆ ಪುಸ್ತಕ ರದ್ದಿಗೆ ಹೋಗಲಿ ಅನ್ನುವುದನ್ನು ಒಪ್ಪುವುದಿಲ್ಲ. ಯಾಕೆ ಅನ್ನುವುದು ನನಗೂ ರಾಶಿ ಹಾಕುತ್ತಾ ಹಾಕುತ್ತಾ ತಿಳಿಯಿತು.

ಮೊದಲ ರಾಶಿ, ಈಗಲೂ ಅಚ್ಚಾಗುತ್ತಿರುವ ಪುಸ್ತಕಗಳದ್ದು. ಕುವೆಂಪು, ಕಾರಂತ, ಬೇಂದ್ರೆ, ಭೈರಪ್ಪ, ತೇಜಸ್ವಿ, ನಮ್ಮ ಮುಂಬೈಯವರೇ ಆದ ಯಶವಂತ ಚಿತ್ತಾಲ. 1,450 ಪುಸ್ತಕ ಇದರಲ್ಲಿ ಬಂದವು, ಒಂದೊಂದರ ಎರಡು-ಮೂರು ಪ್ರತಿ ಸೇರಿ. ಇವುಗಳ ಬಗ್ಗೆ ನನಗೆ ಹೆದರಿಕೆ ಇಲ್ಲ. ನಾನು ಮದುವೆಯಾಗಿ ಮುಂಬೈಗೆ ಬಂದಾಗ ಕನ್ನಡ ಪುಸ್ತಕ ಬೇಕೆಂದರೆ ಊರಿಗೆ ಹೋಗುವವರಿಗೆ ಚೀಟಿ ಕೊಡಬೇಕಿತ್ತು. ಮೇ ರಜೆ ಮುಗಿಸಿ ಅವರು ಹಪ್ಪಳ, ಉಪ್ಪಿನಕಾಯಿ ಜೊತೆ ಪುಸ್ತಕ ತರುತ್ತಿದ್ದರು. ಮುಂಬೈಯ ಫೋರ್ಟ್ ಪ್ರದೇಶದಲ್ಲಿ ದೊಡ್ಡ ಅಂಗಡಿಗಳಿದ್ದರೂ ಅಲ್ಲಿ ಕನ್ನಡ ಸಿಗುತ್ತಿರಲಿಲ್ಲ. ಈಗ ಆ ಅಂಗಡಿಗಳೂ ಕಡಿಮೆಯಾದವು. 1948ರಲ್ಲಿ ಶುರುವಾದ ಸ್ಟ್ರ್ಯಾಂಡ್ ಬುಕ್ ಸ್ಟಾಲ್ 2018ರ ಫೆಬ್ರವರಿಯಲ್ಲಿ ಮುಚ್ಚಿತು. ಆದರೆ ಈಗ ಬೆಂಗಳೂರಿನ ಪ್ರಕಾಶಕರಿಗೆ ಒಂದು ವಾಟ್ಸಾಪ್ ಮಾಡಿದರೆ ನಾಲ್ಕು ದಿನಕ್ಕೆ ಪುಸ್ತಕ ಮನೆ ಬಾಗಿಲಿಗೆ ಬರುತ್ತದೆ. ಫೋನು ಬಂದು ಅಚ್ಚಿನ ಪುಸ್ತಕ ನನಗೆ ಹತ್ತಿರವಾಯಿತು. ಇದನ್ನು ಯಾಕೆ ಯಾರೂ ಹೇಳುವುದಿಲ್ಲವೋ ಗೊತ್ತಿಲ್ಲ. ಈ ರಾಶಿಯಲ್ಲಿ ಒಂದೊಂದು ಪ್ರತಿ ಇಟ್ಟುಕೊಂಡು ಉಳಿದದ್ದನ್ನು ಬೇಕಾದವರಿಗೆ ಕೊಡಬಹುದು.

ಎರಡನೆಯ ರಾಶಿ ನನ್ನನ್ನು ಕಟ್ಟಿಹಾಕಿತು. 1,210 ಪುಸ್ತಕ. ಒಂದು ಕಾಲದಲ್ಲಿ ಜನ ಸಾಲು ನಿಂತು ಓದಿದ ಕಾದಂಬರಿಗಳು, ನಾಟಕ, ಪ್ರವಾಸ ಕಥನ, ಅಡುಗೆ ಪುಸ್ತಕ, ಹರಟೆ, ಜೀವನಚರಿತ್ರೆ. ಒಳಗಿನ ಪುಟ ತೆಗೆದರೆ 1962, 1971, 1978. ಬೆಲೆ ಎರಡೂವರೆ ರೂಪಾಯಿ. ಪ್ರತಿಗಳು 1000. ಅಚ್ಚುಮೊಳೆಯ ಮುದ್ರಣ. ಹಾಳೆಯ ಹಿಂಬದಿಗೆ ಬೆರಳು ಸವರಿದರೆ ಅಕ್ಷರದ ಉಬ್ಬು ಕೈಗೆ ತಾಗುತ್ತದೆ. ಇವುಗಳಲ್ಲಿ ಹೆಚ್ಚಿನವು ಮತ್ತೆ ಅಚ್ಚಾಗಲೇ ಇಲ್ಲ. ಪ್ರಕಾಶಕರ ಅಂಗಡಿಯೇ ಈಗಿಲ್ಲ. ಬರೆದವರು ತೀರಿಕೊಂಡಿದ್ದಾರೆ, ಅವರ ಮಕ್ಕಳು ಎಲ್ಲಿದ್ದಾರೋ ಯಾರಿಗೂ ತಿಳಿಯದು.

ಸರಿ, ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕಿಬಿಡೋಣ ಅನ್ನಬಹುದು. ಇಲ್ಲೇ ತೊಡಕು. ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಅವರ ಬರಹದ ಹಕ್ಕು ಅವರ ವಾರಸುದಾರರದ್ದು. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರ ಬರಹ 2024ರ ಜನವರಿಯಲ್ಲಿ ಎಲ್ಲರದ್ದೂ ಆಯಿತು. ಪಂಜೆ ಮಂಗೇಶರಾಯರದ್ದು ಎಂದೋ ಮುಕ್ತ. ಆದರೆ ಕಾರಂತರು ತೀರಿಕೊಂಡದ್ದು 1997ರಲ್ಲಿ. ಅಂದರೆ 2058ರ ಜನವರಿಯವರೆಗೆ ಕಾಯಬೇಕು. ಕಾರಂತರಿಗೇನೂ ತೊಂದರೆಯಿಲ್ಲ, ಅವರ ಪುಸ್ತಕ ಮತ್ತೆ ಮತ್ತೆ ಬರುತ್ತಿದೆ. ಆದರೆ ಅವರ ವಾರಗೆಯ, ಅವರಷ್ಟು ಹೆಸರಾಗದ ಲೇಖಕರ ಪುಸ್ತಕ? ಅಂಗಡಿಯಲ್ಲಿಯೂ ಇಲ್ಲ. ಕೇಳದೆ ನೆಟ್ಟಿನಲ್ಲಿ ಹಾಕುವಂತಿಲ್ಲ. ಕೇಳೋಣವೆಂದರೆ ಯಾರನ್ನು ಕೇಳುವುದು? ನಿರಂಜನರ ಮನೆಯವರಂತೆ ಬರಹಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟವರು ಇದ್ದಾರೆ. ಅಂಥವರು ಬೆರಳೆಣಿಕೆ.

ಹಾಗೆ ನೋಡಿದರೆ ಇನ್ನು ಮೂವತ್ತು, ನಲವತ್ತು, ಐವತ್ತು ವರ್ಷ ಈ ಪುಸ್ತಕಗಳನ್ನು ಓದುಗರಿಗೆ ತಲುಪಿಸಬಲ್ಲದ್ದು ಕಪಾಟಿನಲ್ಲಿರುವ ಆ ಒಂದು ಪ್ರತಿ ಮಾತ್ರ. ಅದನ್ನು ನಾನು ಯಾರಿಗೆ ಬೇಕಾದರೂ ಎರವಲು ಕೊಡಬಹುದು. ಯಾರ ಅಪ್ಪಣೆಯೂ ಬೇಡ. ಸಹಿ ಹಾಕಿಸಿಕೊಂಡು ಕೈಗಿತ್ತರೆ ಸಾಕು.

ಹುಡುಗನಿಗೆ ಇದನ್ನು ಹೇಳಿದೆ. ಅವನು ಎರಡು ದಿನ ಓದಿ ಬಂದು ನನಗೇ ಇನ್ನೊಂದು ವಿಷಯ ಹೇಳಿದ. ಲಾಭಕ್ಕಲ್ಲದೆ ನಡೆಯುವ ಸಾರ್ವಜನಿಕ ಗ್ರಂಥಾಲಯ ಕಾಪಾಡಿಕೊಳ್ಳುವ ಸಲುವಾಗಿ ಪುಸ್ತಕವನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದು ಅಂತ ಕಾಪಿರೈಟ್ ಕಾನೂನಿನ 2012ರ ತಿದ್ದುಪಡಿಯಲ್ಲಿ ಇದೆ. ಆದರೆ ಅದರ ಕಾಗದದ ಪ್ರತಿ ಆ ಗ್ರಂಥಾಲಯದಲ್ಲಿ ಮೊದಲೇ ಇರಬೇಕು. "ಟೀಚರ್, ಅಂದ್ರೆ ಪುಸ್ತಕ ಇದ್ದರೆ ತಾನೇ ಫೈಲಿಗೆ ಬೆಲೆ" ಅಂದ. ನಾನು ಅವನ ಬೆನ್ನು ತಟ್ಟಿದೆ.

ಈ ರಾಶಿಯಲ್ಲೇ ಇನ್ನೊಂದು ಚಿಕ್ಕ ಕಟ್ಟು ಬೇರೆ ಇಟ್ಟಿದ್ದೇನೆ. 64 ಪುಸ್ತಕ. ಎಲ್ಲವೂ ಮುಂಬೈಯಲ್ಲೇ ಅಚ್ಚಾದವು. ಸಂಘಗಳ ಬೆಳ್ಳಿಹಬ್ಬದ ಸಂಚಿಕೆ, ರಾತ್ರಿ ಶಾಲೆಯ ವಾರ್ಷಿಕ ವರದಿ, ಒಂದೇ ಸಲ ಆಡಿದ ನಾಟಕದ ಪ್ರತಿ, ಯಕ್ಷಗಾನ ಪ್ರಸಂಗ. 1954ರ ಒಂದು ಕಾನೂನು ಇದೆ. ದೇಶದಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಒಂದೊಂದು ಪ್ರತಿಯನ್ನು ಪ್ರಕಾಶಕರು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈನ ಕಾನೆಮರಾ ಗ್ರಂಥಾಲಯಕ್ಕೆ, ದೆಹಲಿ ಪಬ್ಲಿಕ್ ಲೈಬ್ರರಿಗೆ, ಮತ್ತೆ ನಮ್ಮ ಮುಂಬೈ ಟೌನ್‌ಹಾಲಿನಲ್ಲಿರುವ ಸೆಂಟ್ರಲ್ ಲೈಬ್ರರಿಗೆ ಕಳಿಸಬೇಕು. ಕನ್ನಡ ಪುಸ್ತಕಕ್ಕೂ ಅದು ಅನ್ವಯ. ನಮ್ಮ ಸಂಚಿಕೆಗಳನ್ನು ಕಳಿಸಿದ್ದಿರಾ ಅಂತ ನಮ್ಮ ಹಿಂದಿನ ಕಾರ್ಯದರ್ಶಿಗಳನ್ನು ಕೇಳಿದೆ. ಒಬ್ಬರಿಗೂ ಹಾಗೊಂದು ಕಾನೂನು ಇದೆ ಅನ್ನುವುದೇ ತಿಳಿದಿರಲಿಲ್ಲ. ಅಂದರೆ ಈ 64 ಪುಸ್ತಕ ಯಾವ ಸರ್ಕಾರಿ ಕಪಾಟಿನಲ್ಲಿಯೂ ಇರಲಿಕ್ಕಿಲ್ಲ. ಇವನ್ನು ಮೊದಲು ಸ್ಕ್ಯಾನ್ ಮಾಡಿದೆವು.

ಸ್ಕ್ಯಾನ್ ಮಾಡುವುದೂ ಸುಲಭದ ಕೆಲಸವೇನಲ್ಲ. ಹಳೇ ಹೊಲಿಗೆ ಬೈಂಡಿಂಗಿನ ಪುಸ್ತಕ ಪೂರ್ತಿ ಬಿಡಿಸಿದರೆ ಬೆನ್ನು ಮುರಿಯುತ್ತದೆ. ಅದಕ್ಕೆ ಎರಡು ದಿಂಬು ಇಟ್ಟು ಅರ್ಧ ತೆರೆದು, ಮೇಲಿನಿಂದ ಫೋನಿನಲ್ಲಿ ಒಂದೊಂದೇ ಪುಟದ ಫೋಟೋ ತೆಗೆದೆವು. ಆಮೇಲೆ ಹುಡುಗ ಅವನ್ನು ಫೋಟೋದಿಂದ ಅಕ್ಷರ ಎತ್ತುವ ಸಾಫ್ಟ್‌ವೇರಿಗೆ ಹಾಕಿದ. ಹಳೇ ಮುದ್ರಣದಲ್ಲಿ ಅರ್ಕಾವೊತ್ತು ಜಾಸ್ತಿ ಬರುತ್ತದಲ್ಲ, ಅದನ್ನು ಅದು ಕನ್ನಡದ ಒಂಬತ್ತು ಅಂತ ಓದಿತು. ಒಂದು ಪುಟದಲ್ಲಿ ಹದಿನೇಳು ಕಡೆ ಒಂಬತ್ತು. ಒತ್ತಕ್ಷರ ಸವೆದಲ್ಲಿ ಇನ್ನೇನೋ ಬಂತು. ನಾನು ಪುಸ್ತಕ ಕೈಯಲ್ಲಿ ಹಿಡಿದು ಓದುತ್ತಾ ಹೋದೆ, ಅವನು ತಿದ್ದುತ್ತಾ ಹೋದ. ಅಸಲು ಪ್ರತಿ ಎದುರಿಗೆ ಇಲ್ಲದಿದ್ದರೆ ಅದನ್ನು ತಿದ್ದುವುದು ಹೇಗೆ?

ಕೂತಾಗ ಅವನಿಗೆ ಇನ್ನೊಂದು ವಿಷಯ ಹೇಳಿದೆ. ಅವನು ಟೈಪ್ ಮಾಡುವ ಕನ್ನಡ ಕೀಲಿಮಣೆಯ ಹಿಂದೆ ಕೆ.ಪಿ. ರಾವ್ ಅವರ ಕೆಲಸ ಇದೆ. ಉಚ್ಚಾರಣೆಗೆ ತಕ್ಕಂತೆ ಅಕ್ಷರ ಮೂಡಿಸುವ ಆ ಜೋಡಣೆ ಅವರದ್ದು. ಅವರು ಇದೇ ಮುಂಬೈಯಲ್ಲಿ, ಕೊಲಾಬಾದ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್‌ನಲ್ಲಿ ಕೆಲಸ ಮಾಡಿದವರು. ಹುಡುಗ ಕೈ ನಿಲ್ಲಿಸಿ ನನ್ನ ಮುಖ ನೋಡಿದ. ಆಮೇಲೆ ಇನ್ನೂ ಹುರುಪಿನಿಂದ ಟೈಪ್ ಮಾಡಿದ.

ಇ-ಪುಸ್ತಕದ ಬಗ್ಗೆಯೂ ನನ್ನ ಅನುಭವ ಹೇಳಬೇಕು. 2016ರ ಡಿಸೆಂಬರಿನಲ್ಲಿ ಅಮೆಜಾನಿನ ಇ-ಪುಸ್ತಕ ಓದುವ ಸಾಧನ ಕಿಂಡಲ್‌ಗೆ ಭಾರತದ ಐದು ಭಾಷೆಗಳು ಬಂದವು. ಹಿಂದಿ, ಮರಾಠಿ, ಗುಜರಾತಿ, ತಮಿಳು, ಮಲಯಾಳಂ. ಪಕ್ಕದ ಮನೆಯ ಮರಾಠಿ ಕಾಕೂ ಮಗ ಕೊಡಿಸಿದ ಕಿಂಡಲ್ ತಂದು ತೋರಿಸಿದರು. ಅವರಿಗೆ ಕಣ್ಣು ಮಂದ. ಅಕ್ಷರ ದೊಡ್ಡದು ಮಾಡಿಕೊಂಡು ಓದುವಾಗ ಅವರ ಮುಖ ಅರಳಿತ್ತು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ನನಗೆ ಅಳು ಬಂದಂತಾಯಿತು. ಆಮೇಲೆ ಕನ್ನಡದವರೇ ಆ್ಯಪ್‌ಗಳನ್ನು ಕಟ್ಟಿದರು. ಅವರಿಗೆ ನಾನು ಋಣಿ. ಆದರೆ ನಾನು ಒಂದು ಕಡೆ ದುಡ್ಡು ಕೊಟ್ಟು ಕೊಂಡಿದ್ದ ಹನ್ನೊಂದು ಪುಸ್ತಕ, ಫೋನು ಮತ್ತು ನಂಬರು ಬದಲಾದ ಮೇಲೆ ಮತ್ತೆ ತೆರೆಯಲಿಲ್ಲ. ಪತ್ರ ಬರೆದೆ. ಉತ್ತರ ಬರಲಿಲ್ಲ.

ದೊಡ್ಡವರ ಕತೆಯೂ ಇದೇ. 2009ರಲ್ಲಿ ಅಮೆಜಾನ್ ಜಾರ್ಜ್ ಆರ್ವೆಲ್ ಅವರ ಎರಡು ಕಾದಂಬರಿಗಳನ್ನು ಕೊಂಡವರ ಕಿಂಡಲ್‌ನಿಂದ ದೂರದಿಂದಲೇ ಅಳಿಸಿತು. ಮಾರಿದವರಿಗೆ ಹಕ್ಕು ಇರಲಿಲ್ಲ ಅನ್ನುವುದು ಕಾರಣ. ದುಡ್ಡು ವಾಪಸ್ ಬಂತು, ಕಂಪನಿ ಕ್ಷಮೆಯನ್ನೂ ಕೇಳಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿತು. ಕೊಂಡವರ ಪುಸ್ತಕಗಳೂ ಹೋದವು. ಅಲ್ಲಿಯೂ ದುಡ್ಡು ಕೊಟ್ಟರು. ಆದರೆ ಪುಸ್ತಕದ ಅಂಚಿನಲ್ಲಿ ಬರೆದ ಟಿಪ್ಪಣಿ ದುಡ್ಡು ಕೊಟ್ಟರೆ ವಾಪಸ್ ಬರುತ್ತದೆಯೇ? ನಾವು ಕೊಂಡೆವು ಅಂದುಕೊಳ್ಳುತ್ತೇವೆ. ಅಲ್ಲಿ ಸಿಗುವುದು ಓದುವ ಅನುಮತಿ ಮಾತ್ರ. ನನ್ನ ಹನ್ನೊಂದು ಪುಸ್ತಕ ನನ್ನ ತಂಗಿಗೆ ಒಂದು ದಿನಕ್ಕೂ ಕೊಡಲು ಬರಲಿಲ್ಲ.

ನಮ್ಮ ಕೋಣೆಯ ರಿಜಿಸ್ಟರ್ ತೆಗೆದು ನೋಡಿ. ಒಂದು ಪುಸ್ತಕ 1984ರಿಂದ 2019ರವರೆಗೆ 47 ಸಲ ಹೊರಗೆ ಹೋಗಿದೆ. ಸಹಿಗಳಲ್ಲಿ ವಕೋಲಾದ ಹೋಟೆಲಿನ ಮಾಣಿ ಇದ್ದಾರೆ, ಬ್ಯಾಂಕ್ ಮ್ಯಾನೇಜರ್ ಇದ್ದಾರೆ, ನರ್ಸ್ ಇದ್ದಾರೆ. ಇಷ್ಟು ಜನ ಓದಿದ್ದು ಎಂಟು ರೂಪಾಯಿಯ ಒಂದೇ ಪ್ರತಿಯನ್ನು.

ಆ ರಿಜಿಸ್ಟರಿನಲ್ಲಿ ತುಂಬ ಸಲ ಕಾಣುವ ಒಂದು ಸಹಿ ನಮ್ಮ ಶೆಟ್ಟರದ್ದು. ಹೈವೇ ಹತ್ತಿರ ಅವರ ಹೋಟೆಲು. 1971ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ ಕುಂದಾಪುರ ಕಡೆಯಿಂದ ಬಂದವರು. ಹಗಲು ಫೋರ್ಟಿನಲ್ಲಿ ಕಪ್ಪು ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಮಾಡಿದರು. ಕಪಾಟು ಖಾಲಿ ಮಾಡುವ ಸುದ್ದಿ ಕೇಳಿ ಬಂದರು. ಬಾಗಿಲಲ್ಲೇ ನಿಂತು ರಾಶಿಗಳನ್ನು ನೋಡಿದರು. "ಟೀಚರ್, ರಾತ್ರಿ ಶಾಲೆಯಲ್ಲಿ ಒಂದು ಪುಸ್ತಕಕ್ಕೆ ನಾವು ಐದು ಜನ. ಸರದಿ ಬಂದ ದಿನ ನಿದ್ದೆಯೇ ಮಾಡ್ತಿರಲಿಲ್ಲ. ಇವನ್ನು ರದ್ದಿಗೆ ಹಾಕಬೇಡಿ. ನನ್ನ ಹೋಟೆಲಿನ ಮಾಳಾದಲ್ಲಿ ಇಡುವ" ಅಂದರು.

ಹೋಗಿ ನೋಡಿದೆ. ಮಾಳಾ, ಅಂದರೆ ಅಟ್ಟ, ಅಡುಗೆಮನೆಯ ಮೇಲೆ ಇತ್ತು. ಕೆಳಗಿನಿಂದ ಇಡ್ಲಿ ಹಬೆ, ಮೂಲೆಯಲ್ಲಿ ಅಕ್ಕಿ ಚೀಲ, ಇಲಿ ಓಡಾಡಿದ ಗುರುತು. "ಶೆಟ್ರೇ, ಇಲ್ಲಿ ಪುಸ್ತಕ ಒಂದು ಮಳೆಗಾಲ ತಾಳೋದಿಲ್ಲ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ ಕೆಳಗೆ ಕರೆದುಕೊಂಡು ಹೋಗಿ ದುಡ್ಡು ಪಡೆಯುವ ಗಲ್ಲೆಯ ಹಿಂದಿನ ಗೋಡೆ ತೋರಿಸಿದರು. ಅಲ್ಲಿ ತಂಪು ಪಾನೀಯದ ಎರಡು ಫ್ರಿಜ್ ಇದ್ದವು. "ಒಂದನ್ನು ತೆಗೆಸ್ತೇನೆ. ಎರಡು ಕಪಾಟು ನಿಲ್ತದೆ." ಒಂದು ಫ್ರಿಜ್ ಅಂದರೆ ದಿನದ ವ್ಯಾಪಾರ ಎಷ್ಟು ಅನ್ನುವುದು ಮುಂಬೈಯಲ್ಲಿ ಹೋಟೆಲು ನೋಡಿದವರಿಗೆ ಗೊತ್ತಿರುತ್ತದೆ. ಅವರು ಲೆಕ್ಕ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇನ್ನು ಮೂರನೆಯ ರಾಶಿ. ಮಕ್ಕಳ ಪುಸ್ತಕ, 310. ಇದರ ಬಗ್ಗೆ ಹೇಳಲು ನನ್ನಲ್ಲಿ ತುಂಬ ಇದೆ.

ನಮ್ಮ ಮಕ್ಕಳು ಕಾಗದದಲ್ಲಿ ಓದುವುದಿಲ್ಲ ಅಂದನಲ್ಲ ಹುಡುಗ, ಅವನ ಮಕ್ಕಳ ಮಟ್ಟಿಗೆ ಅದು ನಿಜ ಇರಬಹುದು. ನಾನು ಕಲಿಸಿದ ಕೊನೆಯ ತರಗತಿಯ ಮಕ್ಕಳು ಬೇರೆ. ಅವರೆಲ್ಲ ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. 2020ರಲ್ಲಿ ಶಾಲೆ ಮುಚ್ಚಿತು. ಪಾಠ ಫೋನಿಗೆ ಬಂತು. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಕನ್ನಡ ಪಠ್ಯಪುಸ್ತಕದ ಪಿಡಿಎಫ್ ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತಿತ್ತು. ಒಳ್ಳೆಯದೇ. ಆದರೆ ನನ್ನ ತರಗತಿಯ 23 ಮಕ್ಕಳಲ್ಲಿ ಪಾಠದ ಹೊತ್ತಿಗೆ ಮನೆಯಲ್ಲಿ ಫೋನು ಇರುತ್ತಿದ್ದದ್ದು ಆರು ಮಕ್ಕಳಿಗೆ. ಒಬ್ಬಳು ಹುಡುಗಿ, ನಾಲ್ಕನೇ ಕ್ಲಾಸು, ಎರಡು ವಾರ ಕಾಣಲಿಲ್ಲ. ಲಾಕ್‌ಡೌನ್ ಸಡಿಲಾದ ಮೇಲೆ ಹುಡುಕಿಕೊಂಡು ಹೋದೆ. ತಗಡಿನ ಶೆಡ್ಡಿನ ಮುಂದೆ ತಮ್ಮನನ್ನು ಆಡಿಸುತ್ತಿದ್ದಳು. "ಫೋನ್ ಅಪ್ಪ ಒಯ್ತಾನ್ರಿ ಟೀಚರ್. ರಾತ್ರಿ ಬಂದಾಗ ಚಾರ್ಜೇ ಇರಂಗಿಲ್ಲ" ಅಂದಳು.

ಅವತ್ತು ಸಂಜೆ ನಮ್ಮ ಕೋಣೆಗೆ ಬಂದು ಮಕ್ಕಳ ಪುಸ್ತಕ ಎರಡು ಚೀಲ ತುಂಬಿದೆ. ವಾರಕ್ಕೊಮ್ಮೆ ಮನೆ ಮನೆಗೆ ಹೋದೆ. ಒಬ್ಬರ ಮನೆಯಿಂದ ಬಂದ ಪುಸ್ತಕ ಮೂರು ದಿನ ಬಾಲ್ಕನಿಯಲ್ಲಿ ಇಟ್ಟು ಇನ್ನೊಬ್ಬರಿಗೆ ಕೊಡುತ್ತಿದ್ದೆ. ಆಗ ಎಲ್ಲರಿಗೂ ಅಂಥ ಹೆದರಿಕೆ ಇತ್ತು. ಆ ಹುಡುಗಿ ಒಂದು ಪುಸ್ತಕವನ್ನು ನಾಲ್ಕು ವಾರ ವಾಪಸ್ ಕೊಡಲಿಲ್ಲ. ತಮ್ಮನಿಗೆ ಓದಿ ಹೇಳುತ್ತಿದ್ದಳಂತೆ. ಐದನೆಯ ವಾರ ಕೊಟ್ಟಾಗ ಕೊನೆಯ ಪುಟಕ್ಕೆ ಅನ್ನದ ಅಗುಳು ಅಂಟಿಸಿ ಹರಿದದ್ದನ್ನು ಜೋಡಿಸಿದ್ದಳು. ಆ ಅಂಟು ಈಗಲೂ ಬಿಟ್ಟಿಲ್ಲ. ಆ ಪುಸ್ತಕ ಮೂರನೆಯ ರಾಶಿಯ ಮೇಲೇ ಇದೆ.

ಪುಸ್ತಕ ಸಾಲದೇ ಬಂದಾಗ ನನಗೆ ಸಹಾಯಕ್ಕೆ ಬಂದದ್ದು ಇಂಟರ್ನೆಟ್. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಸ್ಟೋರಿವೀವರ್ ಅಂತ ಮಕ್ಕಳ ಕತೆಗಳ ವೆಬ್‌ಸೈಟ್ ಶುರು ಮಾಡಿದರು. ಅಲ್ಲಿನ ಕತೆಗಳು ಕನ್ನಡದಲ್ಲಿಯೂ ಇವೆ. ಯಾರು ಬೇಕಾದರೂ ಇಳಿಸಿಕೊಂಡು ಅಚ್ಚು ಹಾಕಿಕೊಳ್ಳಬಹುದು, ಹಂಚಬಹುದು. ಲೈಸೆನ್ಸೇ ಹಾಗಿದೆ. ಸ್ಟೇಷನ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು-ಬಿಳುಪಿನಲ್ಲಿ ತೆಗೆಸಿದೆ. ಕಲರ್ ದುಬಾರಿ. ಮಧ್ಯಕ್ಕೆ ಮಡಿಸಿ ಎರಡು ಪಿನ್ ಹೊಡೆದರೆ ಪುಸ್ತಕ. ಜೊತೆಗೆ ಒಂದೊಂದು ಬಣ್ಣದ ಪೆನ್ಸಿಲ್ ಪೆಟ್ಟಿಗೆ ಕೊಟ್ಟೆ. ಮುಂದಿನ ವಾರ ಬಂದ ಪುಸ್ತಕಗಳಲ್ಲಿ ಆನೆ ಒಬ್ಬರ ಮನೆಯಲ್ಲಿ ಹಸಿರು, ಇನ್ನೊಬ್ಬರ ಮನೆಯಲ್ಲಿ ಕೆಂಪು. ತೆರೆಯ ಮೇಲೆ ಹುಟ್ಟಿದ ಕತೆ ಕಾಗದಕ್ಕೆ ಇಳಿದು ಆ ಮಗುವಿನದೇ ಆಯಿತು. ಅಚ್ಚಿನ ಪುಸ್ತಕದ ಮುಂದಿನ ದಿನ ಅಂತ ಯಾರಾದರೂ ಕೇಳಿದರೆ ನನ್ನ ಕಣ್ಣ ಮುಂದೆ ಆ ಜೆರಾಕ್ಸ್ ಅಂಗಡಿ ಬರುತ್ತದೆ. ಬೇಕಾದಾಗ, ಬೇಕಾದಷ್ಟೇ ಪ್ರತಿ. ಈಗ ಕನ್ನಡ ಪ್ರಕಾಶಕರೂ ಒಂದೇ ಸಲಕ್ಕೆ ಸಾವಿರ ಹಾಕದೆ ಬೇಡಿಕೆ ಬಂದಷ್ಟೇ ಅಚ್ಚು ಹಾಕುವುದು ಶುರುವಾಗಿದೆ. ಆ ಎರಡನೆಯ ರಾಶಿಯ ಪುಸ್ತಕಗಳ ವಾರಸುದಾರರು ಸಿಕ್ಕರೆ, ಹತ್ತೇ ಓದುಗರಿದ್ದರೂ ಹತ್ತೇ ಪ್ರತಿ ಹಾಕಬಹುದು. ಮೊಳೆ ಜೋಡಿಸುವ ಕಾಲದಲ್ಲಿ ಇದು ಕನಸಿನಲ್ಲಿಯೂ ಆಗುತ್ತಿರಲಿಲ್ಲ.

ಟೀಚರ್ ಆಗಿದ್ದವಳಾದ್ದರಿಂದ ಒಂದು ಮಾತು ಸೇರಿಸುತ್ತೇನೆ. 2018ರಲ್ಲಿ ಸಂಶೋಧಕರು 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಓದಿದವರು 1,70,000ಕ್ಕೂ ಹೆಚ್ಚು. ಪಾಠದಂಥ, ವಿಷಯ ತಿಳಿಸುವ ಬರಹ ತೆರೆಯ ಮೇಲೆ ಓದಿದವರಿಗಿಂತ ಕಾಗದದಲ್ಲಿ ಓದಿದವರಿಗೆ ಚೆನ್ನಾಗಿ ಅರ್ಥವಾಗಿತ್ತು. ಸಮಯ ಕಡಿಮೆ ಕೊಟ್ಟಾಗ ವ್ಯತ್ಯಾಸ ಇನ್ನೂ ಎದ್ದು ಕಂಡಿತು. ಕತೆ ಓದುವಾಗ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಕತೆಯನ್ನು ಫೋನಿನಲ್ಲಿ ಓದುವ ಮಗುವಿಗೆ ನಾನು ಬೇಡ ಅನ್ನುವುದಿಲ್ಲ. ಓದಲಿ. ಫೋನು ಇಲ್ಲದ ಮಗುವಿಗೆ ಕಪಾಟು ಇರಲಿ ಅಂತಷ್ಟೇ ನನ್ನ ಹಟ.

ಕಳೆದ ಭಾನುವಾರ ಕಮಿಟಿಗೆ ಲೆಕ್ಕ ಕೊಟ್ಟೆ. ಗೆದ್ದಲು ತಿಂದ, ಪುಡಿಯಾಗುವ 170 ಪುಸ್ತಕಗಳನ್ನು ಬಿಡಲೇಬೇಕು. ಅವುಗಳಲ್ಲಿ ಓದಲು ಬರುವ ಪುಟಗಳ ಫೋಟೋ ತೆಗೆದಿಟ್ಟಿದ್ದೇವೆ. ಮೊದಲ ರಾಶಿಯಲ್ಲಿ 400 ಇಟ್ಟುಕೊಂಡು ಉಳಿದವು ಬೇರೆ ಸಂಘಗಳಿಗೆ, ಮನೆಗಳಿಗೆ. ಎರಡನೆಯ ರಾಶಿಯ 1,210ರಲ್ಲಿ ಒಂದನ್ನೂ ಬಿಡುವುದಿಲ್ಲ. ಬಾಡಿಗೆ ಕೋಣೆಯ ಎರಡು ಕಪಾಟಿನಲ್ಲಿ ಒತ್ತೊತ್ತಾಗಿ ಅರ್ಧದಷ್ಟು ನಿಲ್ಲುತ್ತವೆ. ಉಳಿದವು ಪೆಟ್ಟಿಗೆಯಲ್ಲಿ, ನಾಲ್ಕು ಮನೆಗಳಲ್ಲಿ. ಯಾವ ಪುಸ್ತಕ ಯಾರ ಮನೆಯಲ್ಲಿದೆ ಅನ್ನುವ ಪಟ್ಟಿಯನ್ನು ಹುಡುಗ ಫೋನಿನಲ್ಲೇ ಹುಡುಕುವಂತೆ ಮಾಡಿಕೊಟ್ಟಿದ್ದಾನೆ. ಮೂರನೆಯ ರಾಶಿ ಪೂರ್ತಿ ಮತ್ತು ಮೊದಲ ರಾಶಿಯ 400 ಶೆಟ್ಟರ ಗಲ್ಲೆಯ ಹಿಂದೆ. ಕೆಳಗಿನ ಅಂತಸ್ತು ಖಾಲಿ ಬಿಡುತ್ತೇನೆ. ಮುಂಬೈಯಲ್ಲಿ ಮತ್ತೆ ಮಳೆ ಬಂದೇ ಬರುತ್ತದೆ.

ಮನೆಯಲ್ಲಿ ಒಂದು ಪೆಟ್ಟಿಗೆ ಇಟ್ಟುಕೊಳ್ಳಲು ಜಾಗ ಇದ್ದವರು ತಿಳಿಸಿ. ಗೋಡೆಗೆ ತಾಗಿಸದೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ, ಮಂಚದ ಕೆಳಗೂ ಆಗುತ್ತದೆ. ನಿಮ್ಮ ಅಜ್ಜನೋ ಅಜ್ಜಿಯೋ ಕನ್ನಡದಲ್ಲಿ ಪುಸ್ತಕ ಬರೆದು ಅಚ್ಚು ಹಾಕಿಸಿದ್ದರೆ ಅದನ್ನೂ ತಿಳಿಸಿ. ಎರಡನೆಯ ರಾಶಿಯಲ್ಲಿ ಅದು ಇರಬಹುದು. ನಿಮ್ಮ ಒಂದು ಒಪ್ಪಿಗೆಯ ಪತ್ರ ನಮಗೆ ಬೇಕು.

ಶೆಟ್ಟರ ಹೋಟೆಲಿನಲ್ಲಿ ಫ್ರಿಜ್ ನಿನ್ನೆ ತೆಗೆದರು. ಗೋಡೆಗೆ ಸುಣ್ಣ ಹೊಡೆದಿದ್ದಾರೆ, ಒಣಗಲು ಎರಡು ದಿನ ಬೇಕು. ಮುಂದಿನ ಭಾನುವಾರ ಬೆಳಿಗ್ಗೆ 10ರಿಂದ 12 ನಾನು ಅಲ್ಲಿ ಇರುತ್ತೇನೆ, ಹೊಸ ರಿಜಿಸ್ಟರ್ ಹಿಡಿದುಕೊಂಡು. ಆ ಯಾದಗಿರಿಯ ಹುಡುಗಿ ಈಗ ಒಂಬತ್ತನೇ ಕ್ಲಾಸು. ತಮ್ಮನನ್ನು ಕರೆದುಕೊಂಡು ಬರುತ್ತೇನೆ ಅಂತ ಹೇಳಿದ್ದಾಳೆ. ಅವನಿಗೆ ಮೊದಲ ಸಂಖ್ಯೆ ಬರೆದಿಟ್ಟಿದ್ದೇನೆ.